ತುಂಬಿದೆ ಎಂಬ ಮಾತು

ನಾನು ಬಂದೂಕು ರಿಪೇರಿ ಮಾಡುವವನು. ಇಷ್ಟು ಹೇಳಿದ ಕೂಡಲೇ ಎದುರಿನವರ ಮುಖ ಒಂದು ಥರ ಆಗುತ್ತದೆ. ಆ ಮುಖ ನೋಡಿ ನೋಡಿ ಬೇಸತ್ತಿದ್ದೇನೆ. ಸ್ಕೂಟರ್ ರಿಪೇರಿಯವನನ್ನು ಯಾರೂ ನಿನ್ನ ಕೈಯಿಂದ ಎಷ್ಟು ಜನ ಸತ್ತರು ಎಂದು ಕೇಳುವುದಿಲ್ಲ. ನನ್ನನ್ನು ಕೇಳುತ್ತಾರೆ, ಅದೂ ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ. ಮೊದಲೆಲ್ಲ ಒಬ್ಬರೂ ಇಲ್ಲ ಎಂದು ಗತ್ತಿನಿಂದ ಹೇಳುತ್ತಿದ್ದೆ. ಈಗ ಮೂರು ವರ್ಷದಿಂದ ಪಲ್ಯ ಬಡಿಸುವವನನ್ನು ಕರೆದು ಮಾತು ತಪ್ಪಿಸುತ್ತೇನೆ.

ಅಂಗಡಿ ಪುಣೆಯ ಹಳೆ ಪೇಠೆಯ ಒಂದು ಗಲ್ಲಿಯಲ್ಲಿದೆ. ಲೈಸೆನ್ಸ್ ಮಾಲೀಕರದು, ಕೈ ನನ್ನದು. ಬ್ಯಾಂಕಿನ ಕಾವಲುಗಾರರ ಜೋಡುನಳಿಗೆಗಳು, ಕಬ್ಬಿನ ಗದ್ದೆಗೆ ನುಗ್ಗುವ ಹಂದಿ ಬೆದರಿಸಲು ಅಜ್ಜನ ಕಾಲದಿಂದ ಇಟ್ಟುಕೊಂಡ ಕೋವಿಗಳು, ಅಪರೂಪಕ್ಕೆ ಪಿಸ್ತೂಲು, ರಿವಾಲ್ವರ್ ಬರುತ್ತವೆ. ನಮ್ಮಪ್ಪ ದೌಂಡದಲ್ಲಿ ರೈಲ್ವೆಯಲ್ಲಿದ್ದರು. ಮನೆಯೊಳಗೆ ವಿಜಯಪುರದ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಓದು ತಲೆಗೆ ಹತ್ತಲಿಲ್ಲ, ಕೈಗೆ ಕೆಲಸ ಹತ್ತಿತು. ಈ ಅಂಗಡಿಯ ಮುದುಕ ಉಸ್ತಾದರ ಬಳಿ ಅರದಿಂದ ಉಕ್ಕು ಉಜ್ಜುತ್ತ ಬೆಳೆದೆ.

ಉಸ್ತಾದರು ಒಂದೇ ಒಂದು ವಿಷಯದಲ್ಲಿ ರಾಕ್ಷಸರಾಗಿದ್ದರು. ಟ್ರಿಗರಿಗೆ ಸಂಬಂಧಿಸಿದ ಯಾವ ಕೆಲಸ ಮಾಡಿದರೂ, ಸ್ಪ್ರಿಂಗ್ ಒರೆಸಿ ಮತ್ತೆ ಹಾಕಿದ್ದರೂ ಸರಿ, ಪಿಸ್ತೂಲನ್ನು ಬೀಳಿಸಿ ನೋಡದೆ ಹೊರಗೆ ಕೊಡುವಂತಿರಲಿಲ್ಲ. ಗುಂಡು ಮದ್ದು ಎರಡೂ ಇಲ್ಲದ, ಬುಡದಲ್ಲಿ ಕಿಡಿ ಹಾರಿಸುವ ಕ್ಯಾಪ್ ಮಾತ್ರ ಇರುವ ತೋಟೆಯನ್ನು ಒಳಗೆ ಹಾಕಬೇಕು. ಕಲ್ಲಿನ ಮೇಲೆ ರಬ್ಬರ್ ಹಾಸಿ ಸೊಂಟದೆತ್ತರದಿಂದ ಬೀಳಿಸಬೇಕು. ಮೂತಿ ಕೆಳಗಾಗಿ, ಹಿಂಭಾಗ ಕೆಳಗಾಗಿ, ಎಡಕ್ಕೆ, ಬಲಕ್ಕೆ, ನೆಟ್ಟಗೆ, ತಲೆಕೆಳಗಾಗಿ. ಕ್ಯಾಪ್ ಚಟ್ ಎಂದರೆ ಕೆಲಸ ಕೆಟ್ಟಿದೆ ಎಂದರ್ಥ. ನಾನು ಒಮ್ಮೆ ಐದು ಸಲ ಬೀಳಿಸಿ ಸಾಕೆಂದು ಬಿಟ್ಟದ್ದಕ್ಕೆ ಅರದ ಹಿಡಿಯಿಂದ ಬೆರಳ ಗೆಣ್ಣಿನ ಮೇಲೆ ಹೊಡೆದಿದ್ದರು. ಇದನ್ನೆಲ್ಲ ನಾನು ಅಕ್ಕನ ಮನೆಯಲ್ಲಿ ಕೂತು ಜಂಬದಿಂದ ಹೇಳುತ್ತಿದ್ದೆ. ಅಕ್ಕ ನಗುತ್ತಿದ್ದಳು, ಮಾಮಾ ಮಾತ್ರ ಗಂಭೀರವಾಗಿ ಕೇಳುತ್ತಿದ್ದರು.

ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎನ್ನುತ್ತೇವೆ. ಅವರು ಸೈನ್ಯದಲ್ಲಿದ್ದು ನಿವೃತ್ತರಾಗಿ ಪುಣೆಯ ಇನ್ನೊಂದು ತುದಿಯ ನಿಗಡಿಯಲ್ಲಿ ಎರಡು ಕೋಣೆಯ ಫ್ಲ್ಯಾಟ್ ತೆಗೆದುಕೊಂಡಿದ್ದರು. ಒಂದು ಕಾರ್ಖಾನೆಯ ಕಾವಲಿನ ಮೇಲ್ವಿಚಾರಣೆ ಮಾಡುತ್ತಿದ್ದರು. ಲೈಸೆನ್ಸಿನ ಸಣ್ಣ ಪಿಸ್ತೂಲೊಂದಿತ್ತು. ಭಾನುವಾರ ಅದನ್ನು ತೆಗೆದುಕೊಂಡು ಗುರಿ ಹೊಡೆಯುವ ಮೈದಾನಕ್ಕೆ ಹೋಗುವುದು ಅವರ ಒಂದೇ ಚಟ. ಬೀಡಿ ಸೇದದ, ಇಸ್ಪೀಟು ಮುಟ್ಟದ ಮನುಷ್ಯ. ಮಕ್ಕಳಾಗಿರಲಿಲ್ಲ. ಅಕ್ಕನಿಗೆ ಅವರು, ಅವರಿಗೆ ಅಕ್ಕ, ಇಬ್ಬರಿಗೂ ವಾರಕ್ಕೊಮ್ಮೆ ನನ್ನ ಮನೆಯಿರುವ ಹಡಪಸರದಿಂದ ಬಸ್ಸು ಹಿಡಿದು ಹೋಗಿ ಊಟ ಹೊಡೆದು ಬರುವ ನಾನು.

ಹಿಮದಲ್ಲಿ ಡ್ಯೂಟಿ ಮಾಡಿದಾಗ ಮಾಮಾನ ಬಲಗೈ ತೋರುಬೆರಳು ಮರಗಟ್ಟಿತ್ತು. ಅದು ಪೂರ್ತಿ ವಾಸಿಯಾಗಲೇ ಇಲ್ಲ. ವಯಸ್ಸಾದ ಮೇಲೆ ಟ್ರಿಗರ್ ಎಳೆಯುವಾಗ ಬೆರಳು ನಡುಗಿ ಗುರಿ ತಪ್ಪತೊಡಗಿತು. ಅದರಿಂದ ಅವರಿಗೆ ಎಷ್ಟು ನೋವಾಗಿತ್ತೆಂದರೆ, ಮೈದಾನದಿಂದ ತಂದ ಕಾಗದದ ಗುರಿಹಾಳೆಗಳನ್ನು ಅಕ್ಕನಿಗೂ ತೋರಿಸದೆ ಹರಿದು ಹಾಕುತ್ತಿದ್ದರು. ಒಂದು ದಿನ ಅಂಗಡಿಗೆ ಬಂದು ಜೇಬಿನಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದಿಟ್ಟರು. ಒಳಗೆ ಹೊಳೆಯುವ ಟ್ರಿಗರು, ಎರಡು ಸ್ಪ್ರಿಂಗು, ಉಗುರಿನಷ್ಟು ದೊಡ್ಡ ಒಂದು ಉಕ್ಕಿನ ತುಂಡು. ಮೈದಾನದ ಗೆಳೆಯರೊಬ್ಬರು ಹೊರದೇಶದಿಂದ ತಂದುಕೊಟ್ಟದ್ದಂತೆ. ಇದನ್ನು ಹಾಕಿದರೆ ಬೆರಳು ಸೋಕಿದರೆ ಸಾಕು, ಹೂವು ಕಿತ್ತಷ್ಟು ಹಗುರ ಆಗುತ್ತದಂತೆ.

ನನಗೆ ಆಗಲೇ ಗೊತ್ತಿತ್ತು. ಹಗುರ ಎನ್ನುವುದು ಪುಕ್ಕಟೆ ಸಿಗುವುದಿಲ್ಲ. ಪಿಸ್ತೂಲಿನ ಹಿಂಬದಿಯ ಪುಟ್ಟ ಸುತ್ತಿಗೆಯನ್ನು ಒಳಗೊಂದು ಉಕ್ಕಿನ ಅಂಚು ಕಚ್ಚಿ ಹಿಡಿದಿರುತ್ತದೆ. ಟ್ರಿಗರ್ ಎಳೆದರೆ ಆ ಕಚ್ಚು ಬಿಡುತ್ತದೆ. ಕಚ್ಚು ಗಟ್ಟಿಯಿದ್ದರೆ ಬೆರಳಿಗೆ ಭಾರ, ಕಚ್ಚು ಸಣ್ಣದಾದರೆ ಬೆರಳಿಗೆ ಸುಖ. ಸಣ್ಣ ಕಚ್ಚು ಒಂದು ಪೆಟ್ಟು ಬಿದ್ದರೆ ತಾನೇ ಬಿಟ್ಟುಕೊಳ್ಳಬಹುದು. ಅದೂ ಅಲ್ಲದೆ ಕಾಗದಪತ್ರವಿಲ್ಲದ ಹೊರಗಿನ ಬಿಡಿಭಾಗವನ್ನು ಕೂರಿಸುವ ಹಕ್ಕು ನಮ್ಮ ಅಂಗಡಿಗೆ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಪೊಟ್ಟಣ ಎತ್ತಿಕೊಂಡು ನಡೀರಿ ಎನ್ನುತ್ತಿದ್ದೆ. ಆದರೆ ಎದುರಿಗೆ ಕೂತವರು ಆ ಬೆರಳನ್ನು ಇನ್ನೊಂದು ಕೈಯಿಂದ ತಿಕ್ಕಿಕೊಳ್ಳುತ್ತಿದ್ದ ಮಾಮಾ. ಮನಸ್ಸು ಕರಗಿತು. ಇಂಥ ಕೆಲಸ ಮಾಡಿ ತೋರಿಸುವ ಚಪಲವೂ ಇತ್ತು, ಸುಳ್ಳೇಕೆ ಹೇಳಲಿ.

ಆಯುಧಪೂಜೆಯ ಖಂಡೇನವಮಿಯ ಹಿಂದಿನ ದಿನ ಅದನ್ನು ಕೂರಿಸಿದೆ. ವರ್ಷದಲ್ಲಿ ಅಂಗಡಿಗೆ ಜನ ಮುಗಿಬೀಳುವ ದಿನ ಅದೊಂದೇ. ವರ್ಷವಿಡೀ ಕಪಾಟಿನಲ್ಲಿ ಬಿದ್ದ ಕೋವಿ ಪೂಜೆಗೆ ಹೊಳೆಯಬೇಕು ಎಂದು ಎಲ್ಲರಿಗೂ ಅಂದೇ ನೆನಪಾಗುತ್ತದೆ. ಮಾಮಾ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದರು. ಕೆಲಸ ಮುಗಿದ ಮೇಲೆ ಎರಡು ಸಲ ಎಳೆದು ನೋಡಿ ಎಳೆ ಮಗುವಿನ ಹಾಗೆ ನಕ್ಕರು. ನಾನು ಕ್ಯಾಪಿನ ತೋಟೆ ಹಾಕಿ ರಬ್ಬರಿನ ಕಲ್ಲಿನತ್ತ ಹೊರಟೆ. ಅವರು ನನ್ನ ಮುಂಗೈ ಹಿಡಿದರು.

"ನಾಳಿ ದೇವರ ಮುಂದ ಇಡೂದು. ನೆಲಕ್ಕ ಒಗೀತಿಯೇನೋ?"

ಪಿಸ್ತೂಲನ್ನು ನನ್ನ ಕೈಯಿಂದ ತೆಗೆದು, ತೋಟೆ ಹೊರಹಾಕಿ, ಎರಡೂ ಕಣ್ಣಿಗೆ ಒತ್ತಿಕೊಂಡರು. ಹಬ್ಬದ ಮುಂದೆ ಆಯುಧ ನೆಲಕ್ಕೆ ಬೀಳಬಾರದು ಎನ್ನುವುದು ನನ್ನ ಮನಸ್ಸಿನಲ್ಲೂ ಇತ್ತು. ಬಿದ್ದರೆ ನಮ್ಮಪ್ಪ ಅರಿಶಿನ ನೀರು ಚಿಮುಕಿಸುತ್ತಿದ್ದರು. ಬನ್ನಿ ಕೊಟ್ಟು ಮುಗಿದ ಮೇಲೆ ತನ್ನಿ, ಅಲ್ಲಿಯವರೆಗೆ ತುಂಬಬೇಡಿ ಎಂದೆ. ಅಷ್ಟು ಗೊತ್ತಿಲ್ಲವೇನೋ ನನಗೆ ಎಂದು ಬೆನ್ನಿಗೆ ಗುದ್ದಿ ಹೋದರು. ನಾನು ಮುಂದಿನ ಕೋವಿ ಕೈಗೆತ್ತಿಕೊಂಡೆ.

ಇನ್ನು ಆ ಮಾತಿನ ವಿಷಯ ಹೇಳಬೇಕು. ನಮ್ಮ ಅವ್ವ ಮನೆಯಲ್ಲಿ ಯಾವುದೂ ಮುಗಿದಿದೆ ಎನ್ನಗೊಡುತ್ತಿರಲಿಲ್ಲ. ಇಲ್ಲ, ಖಾಲಿ, ತೀರಿದೆ, ಇವೆಲ್ಲ ಬಾಯಿಂದ ಬರಬಾರದ ಮಾತುಗಳು. ಅಕ್ಕಿ ತೀರಿದರೆ ಅಕ್ಕಿ ತುಂಬ್ಯದ ಎನ್ನಬೇಕು. ಎಣ್ಣೆ ತೀರಿದರೆ ಎಣ್ಣೆ ತುಂಬ್ಯದ. ಅಂಗಡಿಗೆ ಓಡಬೇಕಾದವರು ನಾವು, ಅರ್ಥ ಮಾಡಿಕೊಂಡು ಓಡುತ್ತಿದ್ದೆವು. ಅಕ್ಕ ಈ ಪದ್ಧತಿಯನ್ನು ಸೀರೆ ಒಡವೆಯ ಜೊತೆ ನಿಗಡಿಗೂ ಹೊತ್ತುಕೊಂಡು ಹೋಗಿದ್ದಳು. ಸಿಲಿಂಡರ್ ತುಂಬ್ಯದ್ರಿ ಎಂದರೆ ಮಾಮಾ ಗ್ಯಾಸಿನವನಿಗೆ ಫೋನ್ ಮಾಡುತ್ತಿದ್ದರು. ಮೊದಮೊದಲು ಗೇಲಿ ಮಾಡಿದ್ದರಂತೆ. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಅವರ ಕಿವಿಗೂ ತುಂಬ್ಯದ ಎಂದರೆ ಏನೂ ಉಳಿದಿಲ್ಲ ಎಂದೇ ಕೇಳಿಸುತ್ತಿತ್ತು.

ಹಬ್ಬದ ಬೆಳಿಗ್ಗೆ ನಾನು ಹೋದಾಗ ಅಕ್ಕ ಹೋಳಿಗೆಯ ಹೂರಣ ರುಬ್ಬಿ ಮುಗಿಸಿದ್ದಳು. ನನ್ನ ಕೈಗೆ ಚೆಂಡುಹೂವಿನ ಮಾಲೆ ಕೊಟ್ಟು ಬಾಗಿಲಿಗೆ ಕಟ್ಟು ಎಂದಳು. ದೇವರ ಕಟ್ಟೆಯ ಮೇಲೆ ಮಣೆ ಹಾಕಿತ್ತು. ಅದರ ಮೇಲೆ ಈಳಿಗೆ, ಕತ್ತರಿ, ಸ್ಕ್ರೂಡ್ರೈವರ್, ಸ್ಕೂಟರಿನ ಕೀಲಿಕೈ, ನಡುವೆ ಪಿಸ್ತೂಲು. ಮಾಮಾ ಸ್ನಾನ ಮಾಡಿ ಮಡಿ ಉಟ್ಟಿದ್ದರು. ಕನ್ನಡಕ ಹಾಕಿರಲಿಲ್ಲ, ದೇವರ ಮುಂದೆ ಹಾಕುವ ರೂಢಿ ಇರಲಿಲ್ಲ. ಪಿಸ್ತೂಲಿಗೆ ಮ್ಯಾಗಝೀನ್ ಹಾಕಿರಲಿಲ್ಲ. ಗುಂಡುಗಳನ್ನು ಜೋಡಿಸಿಡುವ ಆ ಡಬ್ಬಿ ಇಲ್ಲದೆ ಹಿಡಿಯ ಕೆಳಗೆ ತೂತು ಕಾಣುತ್ತಿತ್ತು. ಅಂಗ ಊನವಾದದ್ದನ್ನು ಪೂಜಿಸಬಾರದಲ್ಲ. ಅವರ ಬಳಿ ಅಂಥವು ಎರಡಿದ್ದವು, ಒಂದರಲ್ಲಿ ಗುಂಡು, ಇನ್ನೊಂದು ಬರಿದು. ಕಪಾಟಿನಿಂದ ತಂದುಕೊಡು ಎಂದು ಅಕ್ಕನಿಗೆ ಹೇಳಿದರು. ಅಕ್ಕ ಕೈಗೆ ಸಿಕ್ಕಿದ್ದನ್ನು ಸೆರಗಿನಲ್ಲಿ ಹಿಡಿದು ತಂದಳು.

"ಅದರಾಗ ಏನರ ಅದ ಏನು?" ಎಂದರು ಮಾಮಾ.

ಅಕ್ಕ ಅದರ ಪಕ್ಕದ ಸಣ್ಣ ತೂತುಗಳಲ್ಲಿ ನೋಡಿದಳು. ಒಳಗೆ ಹಿತ್ತಾಳೆ ಹೊಳೆಯುತ್ತಿತ್ತು.

"ತುಂಬ್ಯದ್ರಿ."

ಜೀವನದಲ್ಲಿ ಆ ಮಾತನ್ನು ಅದರ ಸ್ವಂತ ಅರ್ಥದಲ್ಲಿ ಅವಳು ಆಡಿದ್ದು ಅದೊಂದೇ ಸಲ ಇರಬೇಕು. ಮಾಮಾ ಹಾಂ ತಾ ಎಂದು ಕೈ ಚಾಚಿದರು. ನಾನು ಬಾಗಿಲಲ್ಲಿ ಸ್ಟೂಲಿನ ಮೇಲೆ ನಿಂತು ಮಾಲೆಗೆ ಮೊಳೆ ಹುಡುಕುತ್ತಿದ್ದೆ. ನನಗೂ ಕೇಳಿಸಿತು. ನಾನೂ ಅದೇ ಅವ್ವನ ಮಗ, ನನಗೂ ಬರಿದು ಎಂದೇ ಕೇಳಿಸಿತು, ತಿರುಗಿಯೂ ನೋಡಲಿಲ್ಲ. ಅವರು ಅದನ್ನು ಸಿಕ್ಕಿಸಿ, ಮೇಲ್ಭಾಗ ಎಳೆದು ಎಣ್ಣೆ ಒರೆಸಿ ಬಿಟ್ಟ ಸದ್ದೂ ಕೇಳಿಸಿತು. ಆ ಸದ್ದಿನಲ್ಲಿ ಒಂದು ಗುಂಡು ನಳಿಗೆಗೆ ಏರಿತ್ತು, ಸುತ್ತಿಗೆ ಹಿಂದಕ್ಕೆ ನಿಂತಿತ್ತು. ದೇವರೆದುರು ಟ್ರಿಗರ್ ಎಳೆಯುವುದು ಸರಿಯಲ್ಲವೆಂದು ಹಾಗೆಯೇ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದರು. ಹೂವಿನ ಸರವನ್ನು ಉದ್ದಕ್ಕೆ ಎಲ್ಲದರ ಮೇಲೂ ಹೊದಿಸಿದರು.

ಆರತಿ ಆಯಿತು. ಮಾಮಾ ಮಂಡಿಯೂರಿ ಹಣೆಯನ್ನು ನೆಲಕ್ಕೆ ಹಚ್ಚಿದರು. ಏಳುವಾಗ ಹೆಗಲ ಮೇಲಿನ ಶಲ್ಯಕ್ಕೆ ಸರದ ತುದಿ ಸಿಕ್ಕಿತು. ಹೂವು ಎಳೆಯಿತು, ಹೂವಿನ ಜೊತೆ ಪಿಸ್ತೂಲು ಜಾರಿ ಹಿಂಭಾಗ ಕೆಳಗಾಗಿ ಕಲ್ಲಿನ ನೆಲಕ್ಕೆ ಬಿತ್ತು. ಅದರ ಹತ್ತಿರ ಯಾರ ಬೆರಳೂ ಇರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡೆ.

ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ಪಕ್ಕದ ಮನೆಯವರು ಪಟಾಕಿ ಎಂದುಕೊಂಡರಂತೆ. ಮಾಮಾ ಅರ್ಧ ಎದ್ದವರು ಮತ್ತೆ ನಮಸ್ಕಾರ ಮಾಡುವವರಂತೆ ಬಾಗಿದರು. ಅಕ್ಕ ಹಣೆ ತಾಗ್ಯದೇನು ಎಂದು ಹತ್ತಿರ ಹೋದಳು. ಗುಂಡು ಕುತ್ತಿಗೆಯಲ್ಲಿ ಹೊಕ್ಕಿತ್ತು. ದೀಪ ಆರಿರಲಿಲ್ಲ. ಹೂವಿನ ವಾಸನೆ, ಊದುಬತ್ತಿ, ಮದ್ದಿನ ವಾಸನೆ ಮೂರೂ ಕೂಡಿ ಆ ಮನೆಯಲ್ಲಿ ಕೂತವು. ಇಂದಿಗೂ ದಸರೆಯ ಸಮಯದಲ್ಲಿ ಹೂವಿನ ಮಾರ್ಕೆಟ್ಟು ಹಾದು ಹೋಗುವಾಗ ನನ್ನ ಮೂಗಿಗೆ ಮೊದಲು ಮದ್ದು ಬಡಿಯುತ್ತದೆ.

ಪೊಲೀಸರು ಬಂದರು. ಹಿರಿಯ ಅಧಿಕಾರಿ ಎಲ್ಲ ಕೇಳಿಸಿಕೊಂಡು ಪಂಚನಾಮೆ ಬರೆಸುತ್ತ ಮರಾಠಿಯಲ್ಲಿ ಹೇಳಿದ: "ಭರಲೇಲಂ ಹೋತಂ, ಪಡಲಂ, ಉಡಾಲಂ." ತುಂಬಿತ್ತು, ಬಿತ್ತು, ಹಾರಿತು. ಮೂರೇ ಮಾತಿನಲ್ಲಿ ಮುಗಿಯಿತು. ಅದರಲ್ಲಿ ನಡುವಿನ ಮಾತಿನಿಂದ ಮೂರನೆಯದು ಹುಟ್ಟಬಾರದು, ನೆಟ್ಟಗಿರುವ ಪಿಸ್ತೂಲು ತುಂಬಿದ್ದರೂ ಬಿದ್ದ ಮಾತ್ರಕ್ಕೆ ಹಾರುವುದಿಲ್ಲ ಎಂದು ಆ ಕೋಣೆಯಲ್ಲಿ ತಿಳಿದಿದ್ದವನು ನಾನೊಬ್ಬನೇ. ನನ್ನ ನಾಲಿಗೆ ಹೊರಳಲಿಲ್ಲ. ಅಂಗಡಿಯ ಲೈಸೆನ್ಸು, ಜೈಲು, ಮಾಲೀಕರು, ಏನೇನೋ ಕಣ್ಣ ಮುಂದೆ ಬಂದವು. ಎಲ್ಲಕ್ಕಿಂತ ಹೆಚ್ಚಾಗಿ ಅಕ್ಕನ ಮುಖ ಬಂತು.

ಅಕ್ಕ ಮಾತ್ರ ಮೊದಲನೆಯ ಮಾತನ್ನು ಹಿಡಿದುಕೊಂಡಳು. ತುಂಬಿತ್ತು. ತುಂಬಿದೆ ಎಂದು ತಾನೇ ಹೇಳಿದ್ದು, ಅವರು ಬರಿದು ಎಂದು ತಿಳಿದದ್ದು. ಹದಿಮೂರನೆಯ ದಿನದ ಊಟಕ್ಕೆ ಬಂದವರೆಲ್ಲರ ಎದುರು ತನ್ನ ಬಾಯಿಂದಲೇ ಗಂಡ ಹೋದರು ಎಂದು ಬಾಯಿ ಬಾಯಿ ಹೊಡೆದುಕೊಂಡಳು. ಹೆಂಗಸರು ಕೈ ಹಿಡಿದರು. ಅಲ್ಲಿಂದ ಮುಂದೆ ಅವಳು ಮಾತಾಡುವುದೇ ಕಡಿಮೆಯಾಯಿತು. ಆಡಿದರೆ ಎಲ್ಲವನ್ನೂ ಬತ್ತಲೆ ಆಡುತ್ತಿದ್ದಳು. ಅಕ್ಕಿ ಇಲ್ಲ. ಎಣ್ಣೆ ಖಾಲಿ. ಸಂಜೆ ದೀಪದ ಹೊತ್ತಿನಲ್ಲೂ ಖಾಲಿ ಎಂದು ಫೋನಿನಲ್ಲಿ ಅಂಗಡಿಯವನಿಗೆ ಹೇಳುವುದನ್ನು ಕೇಳಿದರೆ ನಾನು ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಅವ್ವ ಇದ್ದಿದ್ದರೆ ಬಾಯಿಗೆ ಸಕ್ಕರೆ ಹಾಕಿ ಸುಮ್ಮನಿರಿಸುತ್ತಿದ್ದಳು.

ನಾನು ಪ್ರತಿ ವಾರ ಹೋಗುತ್ತಲೇ ಇದ್ದೆ. ಹೋಗದಿದ್ದರೆ ಅನುಮಾನ ಬರುತ್ತದೆ ಎಂದೋ, ಹೋಗದೆ ಇರಲಾರದೆಯೋ, ಎರಡೂ ನಿಜ. ದೇವರ ಕಟ್ಟೆಯ ಮುಂದೆ ನೆಲದ ಕಲ್ಲಿನಲ್ಲಿ ಒಂದು ಚಕ್ಕೆ ಎದ್ದಿದೆ. ಅಕ್ಕ ಅದನ್ನು ತುಂಬಿಸಲಿಲ್ಲ, ಮುಚ್ಚಲಿಲ್ಲ, ಅದರ ಸುತ್ತಲೇ ಗುಡಿಸುತ್ತಾಳೆ. ನಾನು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ. ಅಂಗಡಿಯಲ್ಲಿ ನನ್ನ ಅವತಾರ ಬೇರೆ. ಬರೀ ತುಕ್ಕು ತೆಗೆಯಲು ಬಂದದ್ದನ್ನೂ ಹನ್ನೆರಡು ಹನ್ನೆರಡು ಸಲ ಬೀಳಿಸುತ್ತೇನೆ. ಮಾಲೀಕರು ಗಿರಾಕಿ ಹೆದರಿ ಓಡುತ್ತಾರೆ ಎಂದು ಬೈಯುತ್ತಾರೆ. ಹಾಡಹಗಲಲ್ಲಿ, ಬಸ್ಸಿನಲ್ಲಿ ನಿಂತಾಗ ಯಾರದೋ ಡಬ್ಬಿ ಕೈಜಾರಿ ಬಿದ್ದರೆ ನಾನು ಕಣ್ಣು ಮುಚ್ಚಿ ಆಮೇಲಿನ ಸದ್ದಿಗೆ ಕಾಯುತ್ತೇನೆ. ಸದ್ದು ಬರುವುದಿಲ್ಲ. ಆದರೂ ಕಾಯುತ್ತೇನೆ.

ಮೊನ್ನೆ ಠಾಣೆಯಿಂದ ಅಕ್ಕನಿಗೆ ಕಾಗದ ಬಂತು. ಜಪ್ತಿಯಾಗಿ ಮುದ್ದೇಮಾಲಿನಲ್ಲಿರುವ ಪಿಸ್ತೂಲನ್ನು ನಾಶ ಮಾಡಲು ವಾರಸುದಾರರ ಒಪ್ಪಿಗೆ ಬೇಕಂತೆ. ಜೊತೆಗೆ ಅಪಘಾತವೆಂದು ಮುಚ್ಚಿಹೋದ ಕೇಸಿನ ಕಾಗದಗಳ ಪ್ರತಿ ಇತ್ತು. ಅದರಲ್ಲಿ ಪರೀಕ್ಷಾಲಯದ ವರದಿ ಇಂಗ್ಲಿಷಿನಲ್ಲಿತ್ತು. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಅಂಗಡಿಯ ಕಾಗದ ಓದಿ ಓದಿ ಅಷ್ಟಿಷ್ಟು ಬರುತ್ತದೆ. ಅವಳು ತನ್ನ ಕನ್ನಡಕ ಒರೆಸಿಕೊಂಡು ವರದಿಯನ್ನು ನನ್ನ ಕೈಗೆ ಕೊಟ್ಟು, ಅವರ ವಿಷಯ ಬರೆದದ್ದು ಒಂದಕ್ಷರ ಬಿಡದೆ ಓದಿ ಹೇಳು, ಗೊತ್ತಿಲ್ಲದ್ದಕ್ಕೆ ಸಹಿ ಹಾಕುವುದಿಲ್ಲ ಎಂದಳು.

ಮುಂಜಾನೆ ಹತ್ತೂವರೆ ಇರಬೇಕು. ಬಿಸಿಲು ಅಡುಗೆ ಮನೆಯವರೆಗೆ ಬಂದಿತ್ತು. ಓದುತ್ತ ಓದುತ್ತ ಕನ್ನಡದಲ್ಲಿ ಹೇಳುತ್ತ ಬಂದೆ. ನಾಲ್ಕನೆಯ ಸಾಲಿಗೆ ನಿಂತೆ. ಟ್ರಿಗರು ಮೂಲದ್ದಲ್ಲ, ಹೊರಗಿನಿಂದ ತಂದು ಕೂರಿಸಿದ್ದು. ಸೊಂಟದೆತ್ತರದಿಂದ ಬೀಳಿಸಿದಾಗ ಟ್ರಿಗರ್ ಮುಟ್ಟದೆಯೇ ಹಾರುತ್ತದೆ. ದಾಟಿ ಹೋಗಬಹುದಿತ್ತು. ಐದನೆಯ ಸಾಲಿನಲ್ಲಿ ಬರೀ ನಂಬರುಗಳಿದ್ದವು, ಅವನ್ನು ಓದಿದ್ದರೆ ಮುಗಿಯುತ್ತಿತ್ತು. ಅಕ್ಕ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಈಚೆಗೆ ಯಾರು ಮಾತಾಡಿದರೂ ಅವಳು ಹಾಗೇ ಕೂರುತ್ತಾಳೆ, ತನ್ನ ಬಾಯಿಂದ ಏನಾದರೂ ಜಾರೀತು ಎಂಬ ಹೆದರಿಕೆಯಲ್ಲಿ. ಆ ಕೈ ನೋಡಿದ ಮೇಲೆ ನನ್ನಿಂದ ದಾಟಲಾಗಲಿಲ್ಲ. ಓದಿದೆ.

ಹಾಗಂದರೆ ಏನು ಎಂದಳು. ಬಿದ್ದರೆ ಹಾರಬಾರದಿತ್ತು ಅಕ್ಕಾ, ತುಂಬಿದ್ದರೂ ಹಾರಬಾರದಿತ್ತು, ಟ್ರಿಗರ್ ಬದಲಿಸಿದ್ದಕ್ಕೆ ಹಾರಿತು ಎಂದೆ.

"ಬದಲಿಸಿದವರು ಯಾರು?"

"ನಾನು."

ಅವಳು ಬಾಯಿಯ ಮೇಲಿನ ಕೈ ತೆಗೆದಳು.

"ನೀ ಎಲ್ಲಾನೂ ಬೀಳಿಸಿ ನೋಡಾಂವ. ಇದನ್ನ್ಯಾಕ ನೋಡಲಿಲ್ಲ?"

ನಿಜ ಹೇಳುವುದಾದರೆ, ಮಾಮಾನೇ ಕೈ ಹಿಡಿದರು, ದೇವರ ಸಾಮಾನು ನೆಲಕ್ಕೆ ಒಗೆಯಬೇಡ ಎಂದರು ಎನ್ನಬೇಕಿತ್ತು. ಅರ್ಧ ಭಾರ ಇಳಿಯುತ್ತಿತ್ತು. ಆದರೆ ಅದು ಇಳಿದು ಹೋಗಿ ಕೂರುವುದು ಮಾಮಾನ ಮೇಲೆ. ಅವಳಿಗೆ ಈಗ ಉಳಿದಿರುವುದು ಅವರೊಬ್ಬರೇ, ಅದೂ ನೆನಪಿನಲ್ಲಿ.

"ಗಡಿಬಿಡಿ ಇತ್ತು ಅಕ್ಕಾ. ಮರತೆ."

ಅಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಪೆನ್ನು ತೆಗೆದು ಒಪ್ಪಿಗೆಯ ಕಾಗದಕ್ಕೆ ನಿಧಾನವಾಗಿ ಸಹಿ ಹಾಕಿದಳು. ಮಡಚಿ ನನ್ನ ಮುಂದಿಟ್ಟಳು. ಆಮೇಲೆ ಮಾತಾಡಿದಳು, ದನಿ ಏರಿಸದೆ.

"ಮರತಿದ್ದು ಇರಲಿ. ಮನುಷ್ಯ ಮರೀತಾನ. ಮೂರು ವರ್ಷ ನಾ ನನ್ನ ಬಾಯಿ ಹೊಡಕೊಂಡು ಕುಂತಿದ್ನಲ್ಲೋ ತಮ್ಮಾ. ನೀ ಎದುರಿಗಿ ಕುಂತು ಚಾ ಕುಡದು ಹೋಗ್ತಿದ್ದಿ."

ಕಾಗದ ತೆಗೆದುಕೊಂಡು ಎದ್ದೆ. ಚಪ್ಪಲಿ ಮೆಟ್ಟಿ, ಬರ್ತೀನಿ ಅಕ್ಕಾ ಎಂದೆ. ನಮ್ಮಲ್ಲಿ ಮನೆಯಿಂದ ಹೊರಡುವವರಿಗೆ ವೈರಿಯಾದರೂ ಹೋಗಿ ಬಾ ಎನ್ನುತ್ತಾರೆ. ಒಳ್ಳೆಯ ಮಾತುಗಳನ್ನೆಲ್ಲ ಬಿಟ್ಟುಬಿಟ್ಟಿದ್ದ ಅಕ್ಕ ಈ ಮೂರು ವರ್ಷದಲ್ಲಿ ನನಗೆ ಅದೊಂದನ್ನು ಅನ್ನುವುದು ಮಾತ್ರ ಬಿಟ್ಟಿರಲಿಲ್ಲ.

"ಹೋಗು" ಎಂದಳು.